ಸೊನ್ನೆಯ ಗೆರೆ

ಕಂಬಕ್ಕೆ ಕಟ್ಟಿದ ಅಳತೆಯ ಕೊಳವೆಯಲ್ಲಿ ನೀರು ಹದಿನಾರರ ಗೆರೆಗೆ ಬಂದು ನಿಂತಿತ್ತು. ಇನ್ನೊಂದು ತುದಿ ಸೌಸನ್‌ಳ ಕುತ್ತಿಗೆಯ ರಕ್ತನಾಳದಲ್ಲಿ. ಹೆರಿಗೆಯ ನಂಜೇರಿ ಎಚ್ಚರ ತಪ್ಪಿದ್ದ ಹುಡುಗಿ. ನೀರು ಇಳಿದರೆ ಮೈ ಬತ್ತಿದೆ, ಏರಿದರೆ ಎದೆಗೆ ಹೊರೆಯಾಗಿದೆ ಎಂಬುದು ಆ ವಾರ್ಡಿನ ಲೆಕ್ಕ.

"ಹದಿನಾರಾ? ಡ್ರಿಪ್ ನಿಲ್ಲಿಸು. ನೀರಿಳಿಸೋ ಇಂಜೆಕ್ಷನ್ ಕೊಡು" ಎಂದರು ಮುಖ್ಯಸ್ಥ ಡಾಕ್ಟರ್ ಬಹ್ಗತ್, ವಾರ್ಡಿನವರೆಲ್ಲ ಗೌರವದಿಂದ 'ಪಾಶಾ' ಎನ್ನುವವರು.

ಕಿರಿಯ ಡಾಕ್ಟರ್ ರಾವಿಯಾ ಸಿರಿಂಜ್ ತುಂಬಿದಳೇನೋ ಸರಿ, ಕೈ ಮುಂದೆ ಹೋಗಲಿಲ್ಲ. ಸೌಸನ್‌ಳ ನಾಲಿಗೆ ಒಣಗಿ ಬಿರಿದಿತ್ತು, ಮೂತ್ರದ ಚೀಲ ಬೆಳಗಿನಿಂದ ಖಾಲಿ. ಇರುವ ನಾಲ್ಕು ಹನಿಯನ್ನೂ ಹಿಂಡಿದರೆ ಈ ಹುಡುಗಿ ಉಳಿದಾಳೆಯೇ? ಹೊರಗೆ ಇವಳ ಅತ್ತೆ ಹಸುಗೂಸನ್ನು ಎತ್ತಿಕೊಂಡು ಕೂತಿದ್ದಾಳೆ.

ಆಗ ರಾವಿಯಾಳ ಕಣ್ಣು ಮಂಚದ ಮೇಲೆ ಬಿತ್ತು. ಕೊಳವೆಯ ಸೊನ್ನೆಯ ಗೆರೆ ರೋಗಿಯ ಎದೆಯ ಮಟ್ಟಕ್ಕಿರಬೇಕು. ಇಲ್ಲಿ ಅರ್ಧ ಗೇಣು ಕೆಳಗಿತ್ತು! ಬಹ್ಗತ್ ಬಗ್ಗಲಾರರು, ಬೆನ್ನುನೋವು. ಅವರು ಬರುವ ಮೊದಲೇ ಎಲ್ಲ ಮಂಚಗಳನ್ನೂ ಹಿಡಿಕೆ ತಿರುಗಿಸಿ ಎತ್ತರಿಸುವುದು ಅಲ್ಲಿನ ಮರ್ಯಾದೆ. ಮಂಚ ಏರಿತ್ತು, ಗೆರೆ ಇದ್ದಲ್ಲೇ ಇತ್ತು; ಏರಿದಷ್ಟೂ ನೀರು ಸುಳ್ಳೇ ಹೆಚ್ಚು ತೋರಿಸುತ್ತಿತ್ತು.

"ಏನು ಮಗಳೇ, ಮುಹೂರ್ತ ನೋಡ್ತಿದ್ದೀಯಾ?" ಬಹ್ಗತ್ ಗದರಿದರು.

ನರ್ಸ್ ಇನ್ಸಾಫ್ ಅವಳ ತೋಳು ಚಿವುಟಿ ಪಿಸುಗುಟ್ಟಿದಳು: "ಸುಮ್ನಿರೇ ತಾಯಿ, ಅವರ ಬಾಯಿಗೆ ಬೀಳ್ಬೇಡ."

ರಾವಿಯಾ ತೋಳು ಬಿಡಿಸಿಕೊಂಡಳು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಕೊನೆಗೆ ಅತಿ ಚಿಕ್ಕ ಇಲಿಯ ಪಾಲಿಗೇ ಬರುತ್ತದೆ.

"ಪಾಶಾ... ಮಂಚ ಎತ್ತರ ಮಾಡಿದ್ದಾರೆ. ನಿಮಗೋಸ್ಕರ. ಅಳತೆ ತಪ್ಪು."

ಬಹ್ಗತ್‌ರ ಮುಖ ಕೆಂಪೇರಿತು.

"ಇಳಿಸಿ ನೋಡು. ತಪ್ಪಾಗಿರೋದು ನಿನ್ನ ಮಾತಾದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ರಾವಿಯಾ ಮಂಚ ಇಳಿಸಿದಳು. ಕೊಳವೆಯ ನೀರೂ ಜೊತೆಗೇ ಜಾರಿತು. ಹತ್ತು, ಏಳು. ನಾಲ್ಕಕ್ಕೆ ನಿಂತಿತು.

"ಡ್ರಿಪ್ ಬಿಡು. ಜೋರಾಗಿ ಬಿಡು" ಎಂದರು ಬಹ್ಗತ್.

ಅವಳು ಸಿರಿಂಜನ್ನು ಬುಟ್ಟಿಗೆಸೆದು ಸಲೈನ್ ತಿರುವಿದಳು. ಹನಿಗಳು ಸೇರಿ ಧಾರೆಯಾದವು. ಸೌಸನ್ ಉಳಿದಾಳೆಂಬ ಆಸೆ ಈಗ ಮೊದಲ ಬಾರಿಗೆ ಅವಳಿಗೆ ಬಂತು.

ಬಹ್ಗತ್ ಮಾತ್ರ ಮುಂದಿನ ರೋಗಿಯ ಕಡೆ ಹೋಗಲಿಲ್ಲ. ಉದ್ದಕ್ಕೂ ಎತ್ತರಿಸಿ ನಿಲ್ಲಿಸಿದ್ದ ಮಂಚಗಳನ್ನು, ಅವುಗಳ ಪಕ್ಕದ ಅಳತೆಯ ಕೊಳವೆಗಳನ್ನು ನೋಡುತ್ತಿದ್ದರು.

"ಇನ್ಸಾಫ್, ನನಗೋಸ್ಕರ ಹೀಗೆ ಎತ್ತರಿಸೋದು ಯಾವತ್ತಿಂದ?"

ಇನ್ಸಾಫ್ ತಲೆ ಎತ್ತಲಿಲ್ಲ.

"ಹೋದ ರಂಜಾನಿನಿಂದ, ಪಾಶಾ."