ಹೆಬ್ಬೆರಳಷ್ಟು ಜಾಗ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅತ್ತೆಯ ಎಡಗಾಲಿನ ಶೂ ಹಿಮ್ಮಡಿಯಿಂದ ಮತ್ತೆ ಜಾರಿತು. ವರ್ಲೀನ್ ಅದನ್ನು ಎತ್ತಿಕೊಂಡು ತುದಿಯೊಳಗೆ ಇನ್ನಷ್ಟು ಹತ್ತಿ ತುರುಕಿದಳು.

"ಬಿಡಮ್ಮ," ಎಂದರು ಶವಸಂಸ್ಕಾರದ ಅಂಗಡಿಯ ಮುದುಕ ಟಾಲಿವರ್. "ಪೆಟ್ಟಿಗೆಗೆ ಕಾಲಿನ ಕಡೆ ಮುಚ್ಚಳ ಹಾಕಿರ್ತೀನಿ. ಯಾರು ನೋಡ್ತಾರೆ?"

"ಅತ್ತೆ ನೋಡ್ತಾಳೆ. ಬರಿಗಾಲಲ್ಲಿ ಕಳಿಸಿದ್ರೆ ಎದ್ದು ಕೂತು ಬೈತಾಳೆ."

ಟಾಲಿವರ್ ನಕ್ಕರು. ಮಿಸಿಸಿಪ್ಪಿಯ ಆ ಸಣ್ಣ ಊರಿನಲ್ಲಿ ವರ್ಲೀನಳ ಅತ್ತೆ ಮಿಸ್ ಆರ್ಲೀತಾ ಪಿಟ್‌ಮನ್‌ರ ಐದನೇ ಕ್ಲಾಸಿನಲ್ಲಿ ಬೈಸಿಕೊಳ್ಳದವರು ಕಡಿಮೆ.

"ಆರ್ಲೀತಾ ಸರಿ ಅಳತೆ ಶೂ ಹಾಕಿದ್ದೇ ಇಲ್ಲ ನೋಡು. ಅವರಮ್ಮ ಕಲಿಸಿದ ಚಾಳಿ. ಆಗ ಬಿಳಿಯರ ಅಂಗಡೀಲಿ ನಮ್ಮ ಕಾಲಿಗೆ ಹಾಕಿ ನೋಡೋಕೆ ಎಲ್ಲಿ ಬಿಡ್ತಿದ್ರು? ಕಾಗದದ ಮೇಲೆ ಪಾದ ಇಟ್ಟು, ಸುತ್ತ ಗೀಟೆಳ್ಕೊಂಡು ಹೋಗ್ಬೇಕಿತ್ತು. ಅವರಮ್ಮ ಮುಂದೆ ಹೆಬ್ಬೆರಳಷ್ಟು ಜಾಗ ಬಿಟ್ಟೇ ಎಳೀತಿದ್ರು."

ವರ್ಲೀನಳ ಕೈ ನಿಂತಿತು. "ಅದು ಪುಸ್ತಕದ ಕತೆ ಅಲ್ವಾ?"

"ಯಾವ ಪುಸ್ತಕಾನಮ್ಮಾ? ಅದೇ ಅಂಗಡಿಗೆ ನಾನೂ ಕಾಗದ ಹಿಡ್ಕೊಂಡು ಹೋದೋನೇ."

*

ಅತ್ತೆಯ ಕ್ಲಾಸಿನಲ್ಲಿ ಸೋದರಸೊಸೆಗೂ ರಿಯಾಯಿತಿ ಇರಲಿಲ್ಲ. ವರ್ಲೀನ್ ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಮಿಸ್ ಪಿಟ್‌ಮನ್, ಕಾಗದದ ಮೇಲೆ ಪಾದದ ಗೀಟು ಹಿಡಿದು ಅಂಗಡಿಗೆ ಹೋದ ಕರಿಯ ಹುಡುಗಿಯ ಕತೆ ಹೇಳಿ, ತಿರುಳೇನು ಎಂದು ಕೇಳಿದ್ದರು.

"ಬಣ್ಣಭೇದ," ಎಂದಳು ವರ್ಲೀನ್.

"ಅದು ವಿಷಯ. ಅದರ ಬಗ್ಗೆ ಕತೆ ಏನು ಹೇಳ್ತು? ಪೂರ್ತಿ ವಾಕ್ಯ ಬೇಕು."

"ಬಣ್ಣಭೇದ ಕೆಟ್ಟದ್ದು."

"ಅಷ್ಟು ಹೇಳೋಕೆ ಕತೆ ಯಾಕೆ ಬೇಕಿತ್ತು ಮಗಳೇ? ಯಾರು ಏನು ಮಾಡಿದ್ರು, ಅದನ್ನ ನೋಡು."

ಹಿಂದಿನ ಬೆಂಚಿನಿಂದ ಕ್ಲೈಡೆಲ್ ಕೈ ಎತ್ತಿದ. ಶಾಲೆ ತೆರೆದ ದಿನ ಮಿಸ್ ಪಿಟ್‌ಮನ್ ಬಾಗಿಲಲ್ಲಿ ನಿಂತು ಎಲ್ಲರ ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಬೆರಳಿಗೆ ಜಾಗವಿಲ್ಲದವರ ಡೆಸ್ಕಿನೊಳಗೆ ಕೆಲವೇ ದಿನಗಳಲ್ಲಿ, ಸದ್ದಿಲ್ಲದೆ, ಹೊಸ ಜೋಡಿ ಬಂದಿರುತ್ತಿತ್ತು. ಕ್ಲೈಡೆಲ್ ಹಾಕಿಕೊಂಡಿದ್ದು ಅಂಥದೇ.

"ಮಿಸ್, ಅಂಗಡಿಯವನು ಅವಳ ಕಾಲೇ ನೋಡ್ಲಿಲ್ಲ. ಅವರಮ್ಮ ಮುಂದಿನ ವರ್ಷದ ಕಾಲನ್ನೂ ನೋಡಿದ್ರು."

ಮಿಸ್ ಪಿಟ್‌ಮನ್ ಮಕ್ಕಳಿಗೆ ಬೆನ್ನು ತಿರುಗಿಸಿ, ಆಗಲೇ ಒರೆಸಿದ್ದ ಬೋರ್ಡನ್ನು ಮತ್ತೆ ಒರೆಸಿದರು. ವರ್ಲೀನಳಿಗೆ ಹೊಟ್ಟೆಕಿಚ್ಚಾಯಿತು.

*

ಅತ್ತೆಯ ಅಂತ್ಯಕ್ರಿಯೆಗೆ ತುಂಬಿದ್ದ ಚರ್ಚಿನಲ್ಲಿ ಬೀಸಣಿಗೆಗಳು ಆಡುತ್ತಿದ್ದವು. ಮಾತಾಡುವವರಿಗೆ ತಲಾ ಎರಡೇ ನಿಮಿಷ ಎಂದು ಪಾದ್ರಿಗಳು ಹೇಳಿದ್ದರು. ಎಂದಿನಂತೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಮಿಸ್ ಪಿಟ್‌ಮನ್ ಅಂದ್ರೆ ಪ್ರೀತಿ," ಎಂದಳು ಊರಿನ ಮೇಯರಮ್ಮ.

"ಅದು ವಿಷಯ!" ಇಡೀ ಚರ್ಚು ಒಂದೇ ದನಿಯಲ್ಲಿ ಕೂಗಿತು. "ವಾಕ್ಯ ಹೇಳು ತಾಯಿ, ವಾಕ್ಯ!"

ಮೇಯರಮ್ಮನೂ ಅದೇ ಕ್ಲಾಸಿನವಳು. ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಕೂತುಬಿಟ್ಟಳು.

ಮುಂದಿನ ಸರದಿ ವರ್ಲೀನಳದು. ಅತ್ತೆಯ ಕ್ಲಾಸಿಗೆ ಈಗ ಅವಳೇ ಟೀಚರು. ಅತ್ತೆಯ ಬಗ್ಗೆ ಒಂದು ವಾಕ್ಯ ಸಿಗದಿದ್ದರೆ ಸೋಮವಾರ ಯಾವ ಮುಖ ಹೊತ್ತು ಮಕ್ಕಳನ್ನು ತಿರುಳು ಕೇಳುವುದು? ರಾತ್ರಿಯೆಲ್ಲ ಯೋಚಿಸಿ ತಂದದ್ದೆಲ್ಲ ಈಗ ಬರೀ ವಿಷಯವಾಗಿಯೇ ಕಂಡಿತು.

"ಟಾಲಿವರ್ ಅಂಕಲ್, ಕಾಲಿನ ಕಡೆ ಮುಚ್ಚಳ ತೆಗೀರಿ."

ಬೀಸಣಿಗೆಗಳು ನಿಂತವು. ಪಾದ್ರಿಗಳು ಹುಬ್ಬು ಗಂಟಿಕ್ಕಿದರು. ಟಾಲಿವರ್ ಅತ್ತ ನೋಡದೆ ಮುಚ್ಚಳ ಎತ್ತಿದರು.

"ಅತ್ತೆ ಹೇಳಿದ್ದು ಪುಸ್ತಕದ ಕತೆ ಅಲ್ಲ. ಆ ಹುಡುಗಿ ಇಲ್ಲೇ ಮಲಗಿದಾಳೆ." ಅವಳು ಅತ್ತೆಯ ಶೂಗಳ ಕಡೆ ಕೈ ತೋರಿದಳು. "ಊರು ನಮ್ಮನ್ನ ಕಾಗದದ ಮೇಲೆ ಅಳೀತು. ನಮ್ಮಮ್ಮಂದಿರು ಗೀಟನ್ನ ಒಂದು ಹೆಬ್ಬೆರಳು ಮುಂದಕ್ಕೆ ಎಳೆದ್ರು. ಆ ಜಾಗದಲ್ಲೇ ನಾವೆಲ್ಲ ಬೆಳೆದದ್ದು."

"ಈಗ ಬಂತು ನೋಡು ತಿರುಳು!" ಹಿಂದಿನಿಂದ ಕೂಗಿದವನು ಕ್ಲೈಡೆಲ್. ಈಗ ಶಾಲೆಯ ಬಸ್ಸಿನ ಡ್ರೈವರು; ಆ ಕೋಟಿನಲ್ಲೇ ಬಂದಿದ್ದ. ಎದ್ದು ನೇರ ಪೆಟ್ಟಿಗೆಯ ಹತ್ತಿರ ನಡೆದು, ಬಗ್ಗಿ, ಶೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಜಾಗ ಇದೆ ಮಿಸ್," ಎಂದ.

ಅವನ ಹಿಂದೆ ಮೇಯರಮ್ಮ ಬಂದಳು. ಸಾಲು ಬಾಗಿಲವರೆಗೂ ಬೆಳೆಯಿತು. ಒಬ್ಬೊಬ್ಬರಾಗಿ ಬಗ್ಗಿ ಒತ್ತಿದರು. ವರ್ಲೀನ್ ಬೆಳಿಗ್ಗೆ ಉಜ್ಜಿದ್ದ ಕರಿ ಪಾಲಿಶಿನ ಮೇಲೆ ಊರಿನ ಹೆಬ್ಬೆರಳ ಗುರುತುಗಳೆಲ್ಲ ಒಂದರ ಮೇಲೊಂದು ಕೂತವು.