ನಡುಬಾಗಿಲು

ಬೇಸಿಗೆ ಕಾವೇರುತ್ತಿದ್ದ ದಿನಗಳು, ಬೆಳಗಿನ ಹತ್ತು ಗಂಟೆಯಿದ್ದೀತು. ಅಳತೆಯವರು ಟೇಪು ಹಿಡಿದು ಒಳಬಂದಾಗ ಟೈಲರನ ಬಾಯಿತುಂಬ ಗುಂಡುಸೂಜಿ. ಆ ಬೀದಿಯ ಯಾವ ಮನೆಗೂ ಅಲ್ಲಿಯವರೆಗೆ ಪತ್ರವಿರಲಿಲ್ಲ. ಕಟ್ಟಿಕೊಂಡಿದ್ದರು, ಬಾಳಿಕೊಂಡಿದ್ದರು, ಅಷ್ಟೇ. ಸರ್ಕಾರವೇ ಬಾಗಿಲಿಗೆ ಬಂದು ಹಕ್ಕುಪತ್ರ ಕೊಡುತ್ತದೆ ಎಂದು ಕೇಳಿ ಬೀದಿಗೆ ಬೀದಿಯೇ ಸುಣ್ಣ ಬಳಿದುಕೊಂಡು ಕಾದಿತ್ತು.

"ಯಾರ ಹೆಸರಿಗೆ ಬರೀಲಿ?" ಎಂದ ಅಧಿಕಾರಿ.

ಟೈಲರ್ ಸೂಜಿಗಳನ್ನು ಅಂಗೈಗೆ ಉಗುಳುವಷ್ಟರಲ್ಲಿ ಪಕ್ಕದ ಕೋಣೆಯಿಂದ ಅವನ ಹೆಂಡತಿಯ ಅಕ್ಕ ಎದ್ದು ಬಂದಳು. ಗಂಡ ಸತ್ತ ಮೇಲೆ ಬಂದು ಸೇರಿಕೊಂಡವಳು; ಆ ಕೋಣೆಯ ಗೋಡೆಗೆ ಮಣ್ಣು ಕಲಸಿದವಳೂ ಅವಳೇ.

"ಪಕ್ಕದ ಕೋಣೆ ನನ್ನ ಹೆಸರಿಗೆ ಬರೀರಿ."

ತಂಗಿಯ ಮುಖ ಸಣ್ಣದಾಯಿತು. "ಏನಕ್ಕ ಇದು? ನಿನ್ನ ಹೊರಗೆ ಹಾಕೋರು ಯಾರಿದಾರೆ ಇಲ್ಲಿ?"

"ನೀನು ಹಾಕಲ್ಲ. ನಿನ್ನ ಗಂಡ ದೇವರಂಥೋನು. ನಾಳೆ ನಿನ್ನ ಸೊಸೆ ಬರ್ತಾಳಲ್ಲ, ಅವಳಿಗೆ ನಾನ್ಯಾರು? ಗಂಡನ ಮನೇಲಿ ಒಂದ್ಸಲ ನೋಡಿದೀನಿ ಕಣೇ. ಕಣ್ಣೀರು ಒಣಗೋ ಮುಂಚೆ ನನ್ನ ಟ್ರಂಕು ಬೀದೀಲಿತ್ತು."

ತಂಗಿ ಅಕ್ಕನ ಪಕ್ಕಕ್ಕೆ ಬಂದು ನಿಂತಳು.

"ಎರಡು ಪತ್ರ ಅಂದ್ರೆ ಎರಡು ಮನೆ ಆಗ್ಬೇಕು ತಾಯಿ," ಎಂದ ಅಧಿಕಾರಿ. "ಬೀದಿಗೆ ಬೇರೆ ಬೇರೆ ಬಾಗಿಲು, ನಡುವೆ ಸಂದಿಲ್ಲದ ಗೋಡೆ. ಶನಿವಾರ ಬಂದು ನೋಡ್ತೀವಿ."

ಎರಡು ಕೋಣೆಗಳ ನಡುವೆ ಇದ್ದದ್ದು ಕದವಿಲ್ಲದ ಬಾಗಿಲು. ಟೈಲರ್ ಹೊಲಿದ ಅಂಗಿ ಅದರಲ್ಲಿ ದಾಟಿ ಅಕ್ಕನ ಮಡಿಲಿಗೆ ಬೀಳುತ್ತಿತ್ತು. ಅವಳು ಕಾಜಾ ತೆಗೆದು ಗುಂಡಿ ಹಚ್ಚುತ್ತಿದ್ದಳು. ಗಾಳಿಯಾಡುವ ಜಾಗವೆಂದು ಹೊಸ್ತಿಲಿನ ಮೇಲೇ ಅಕ್ಕತಂಗಿಯರ ತಾಯಿಯ ಮಂಚ. ನಡೆಯಲಾರದ ಮುದುಕಿ ಅಂಗಿಗಳ ಎಳೆ ಕೀಳುತ್ತ ಅಲ್ಲೇ ಇರುತ್ತಿದ್ದಳು.

"ಅಜ್ಜಿ ಯಾವ ಮನೇಲಿದಾರೆ ಅಂತ ಬರೀಲಿ?"

"ತಲೆ ಅತ್ಲಾಗೆ ಬರ್ಕೊಳಪ್ಪ, ಕಾಲು ಇತ್ಲಾಗೆ. ನಡುವಿನ ಹೊಟ್ಟೆ ಸರ್ಕಾರದ್ದು," ಎಂದಳು ಮುದುಕಿ.

ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕು, ಆ ಜಾಗ ಖಾಲಿ ಬಿಟ್ಟ.

ಗುರುವಾರ ಮೇಸ್ತ್ರಿ ಬಂದು ಅಕ್ಕನ ಕಿಟಕಿ ಒಡೆದು ಬೀದಿಗೆ ಬಾಗಿಲು ಮಾಡಿದ. ಆಮೇಲೆ ಇಟ್ಟಿಗೆ ತಂದು ಹೊಸ್ತಿಲ ಮುಂದೆ ನಿಂತು, "ಅಜ್ಜಿ, ಮಂಚ ಸರಿಸ್ಬೇಕಲ್ಲ," ಎಂದ.

ತಲೆಯ ಕಡೆ ಅಕ್ಕ ಹಿಡಿದಳು, ಕಾಲಿನ ಕಡೆ ತಂಗಿ. ಇಬ್ಬರೂ ತಂತಮ್ಮ ಕಡೆಗೆ ಎಳೆದರು. ಮಂಚ ಕಿರುಗುಟ್ಟಿತೇ ಹೊರತು ಕದಲಲಿಲ್ಲ. ಟೈಲರನ ಮಿಷನ್ನು ನಿಂತುಹೋಯಿತು.

"ಬಿಡ್ರೇ! ಕತ್ತರಿಸಿ ಹಂಚ್ಕೊಳ್ಳೋಕೆ ನಾನೇನು ತಾನಿನ ಬಟ್ಟೆನಾ? ಹೊರಗೆ ಹಾಕಿ ನನ್ನ. ಗೋಡೆ ಏಳ್ಲಿ."

ಎರಡು ಬಾಗಿಲುಗಳ ನಡುವೆ, ಬೀದಿಯ ಸೂರಿನ ಕೆಳಗೆ ಮಂಚ ಹಾಕಿದರು. ಸಂಜೆಗೆ ಗೋಡೆ ಎದ್ದಿತು. ಅಕ್ಕ ತನ್ನ ಬಾಗಿಲಿನಿಂದ ಕರೆದಳು, ತಂಗಿ ತನ್ನ ಬಾಗಿಲಿನಿಂದ. ಮುದುಕಿ ಅಳಿಯನನ್ನು ಹತ್ತಿರ ಕರೆದು, "ನನ್ನ ತಮ್ಮನಿಗೆ ಹೇಳಿ ಕಳಿಸಪ್ಪ, ನಾಳೆ ಬಂದು ಕರ್ಕೊಂಡು ಹೋಗ್ಲಿ," ಎಂದಳು.

ಅಕ್ಕ ಓಡಿ ಬಂದು ಮಂಚದ ಬಳಿ ಕೂತಳು. "ನನ್ನ ಮೇಲೆ ಸಿಟ್ಟೇನಮ್ಮ?"

"ಇಲ್ವೇ. ನೀನು ಕೇಳಿದ್ದು ಸರಿಯಾಗೇ ಇದೆ. ನಿನ್ನ ಜಾಗದಲ್ಲಿ ನಾನಿದ್ರೂ ಕೇಳ್ತಿದ್ದೆ."

"ಮತ್ಯಾಕೆ ಹೋಗ್ತೀಯ?"

ಮುದುಕಿ ಮಗಳ ಸೆರಗಿಗಂಟಿದ್ದ ಒಂದು ಎಳೆ ಕಿತ್ತು ಬಿಸಾಡಿದಳು. "ಯಾವ ಬಾಗಿಲಲ್ಲಿ ಒಳಗೆ ಹೋದ್ರೂ ನಿಮ್ಮಲ್ಲಿ ಇನ್ನೊಬ್ಬಳು ಹೊರಗೆ ನಿಂತಿರ್ತಾಳಲ್ಲ."

ಮರುದಿನ ಮುದುಕಿಯ ತಮ್ಮ ಟೆಂಪೋ ತಂದ. ಮಂಚ ಕಾಲು ಮೇಲಾಗಿ ಹಿಂದೆ ಹೋಯಿತು, ಮುದುಕಿ ಮುಂದೆ ಕೂತಳು.

"ಯಾವಾಗ ಬರ್ತೀಯ?" ಎಂದಳು ತಂಗಿ, ಕಿಟಕಿ ಬಿಡದೆ.

"ಗೋಡೆ ಒಣಗ್ಲಿ."

ಶನಿವಾರ ಅಳತೆಯವರು ಬಂದು ಎರಡು ಬಾಗಿಲಿಗೂ ನಂಬರಿನ ತಗಡು ಬಡಿದರು. ಅಕ್ಕ ಪತ್ರವನ್ನು ಎರಡು ಕೈಯಲ್ಲಿ ಇಸಕೊಂಡು ಕಣ್ಣಿಗೊತ್ತಿಕೊಂಡಳು. ಟೈಲರ್ ಹೊಲಿದ ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ಬೀದಿಗಿಳಿದು, ಅವಳ ಬಾಗಿಲು ತಟ್ಟಿ ನಿಂತ.

ಮುದುಕಿ ಹೋದದ್ದು ಶುಕ್ರವಾರ. ಆ ಬಿಸಿಲಿಗೆ ಭಾನುವಾರದ ಹೊತ್ತಿಗೆಲ್ಲ ಗೋಡೆ ಒಣಗಿತ್ತು.