ಹಸಿರು ಟ್ಯಾಂಕಿನ ಮೇಲೆ ಮೂರು ಬೆರಳು

೧

ಎಲ್ಲಿಂದ ಶುರು ಮಾಡಲಿ? ಶಶಿಕಾಂತ ಸ್ಪ್ರೇ ಡಬ್ಬಿ ಅಲುಗಾಡಿಸುವುದರಿಂದಲೇ? ಒಳಗಿನ ಗುಂಡು ಟಕಟಕ ಅನ್ನುತ್ತದೆ, ನೀವು ತಲೆಯೆತ್ತುತ್ತೀರಿ, ಕತೆ ಓಡುತ್ತದೆ. ಅಥವಾ ಹೋದ ವರ್ಷ ಸೂಡಿ ರಸ್ತೆಯಲ್ಲಿ ಅವನ ಮೋಟಾರ್ ಸೈಕಲ್ ಜಾರಿ, ಹಿಂದೆ ಕೂತಿದ್ದ ಹೆಂಡತಿ ನಿರ್ಮಲಾಳ ಮಣಿಕಟ್ಟು ಮುರಿದದ್ದರಿಂದಲೇ? ಹಾಗೆ ಮಾಡಿದರೆ ಮೊದಲ ಸಾಲಿಗೇ ನೀವು ಅವನನ್ನು ಬೈಯುತ್ತೀರಿ. ಬೈಯಬೇಡಿ. ಒಂದು ವರ್ಷದಿಂದ ಆ ಕೆಲಸ ಅವನೇ ಮಾಡಿಕೊಳ್ಳುತ್ತಿದ್ದಾನೆ.

೨

(ಮೊದಲ ಕರಡು, ಹರಿದು ಹಾಕಿದ್ದು: “ಗಜೇಂದ್ರಗಡದ ಗುಡ್ಡದ ಮೇಲೆ ಸೂರ್ಯ ಹೊಂಬಣ್ಣ ಚೆಲ್ಲುತ್ತಿರಲು...” ಈ ಕತೆಯಲ್ಲಿ ಬಣ್ಣ ಚೆಲ್ಲುವವನು ಶಶಿಕಾಂತ. ಸೂರ್ಯ ತನ್ನ ಪಾಡಿಗೆ ಇರಲಿ.)

೩

ವಿಷಯ ಇಷ್ಟೇ. ಬಿದ್ದಾಗಿನಿಂದ ನಿರ್ಮಲಾ ಆ ಗಾಡಿ ಹತ್ತಿಲ್ಲ. ಶಶಿಕಾಂತ ಅದರ ಮೇಲೆಯೇ ಮಾರಲು ಕುಬಸದ ಖಣಗಳ (ರವಿಕೆ ಬಟ್ಟೆಗಳ) ಗಂಟು ಕಟ್ಟಿಕೊಂಡು ರೋಣ, ನರಗುಂದ ಎಂದು ಅಂಗಡಿ ಅಂಗಡಿ ತಿರುಗುತ್ತಾನೆ. ಅವಳು ಎಲ್ಲಿಗೇ ಹೋಗಲಿ, ಬಸ್ಸಿಗೆ. ಈಗ ಸೂಡಿಯಲ್ಲಿ ಅವಳ ತಂಗಿಯ ಮಗಳು ಐಶ್ವರ್ಯಾಳಿಗೆ ಚೊಚ್ಚಲ ಬಸಿರಿನ ಕುಬಸ ಕಾರ್ಯ. ನಿರ್ಮಲಾಳನ್ನು ಹಿಂದೆ ಕೂರಿಸಿಕೊಂಡೇ ಹೋಗಬೇಕು ಅಂತ ಅವನ ಆಸೆ. “ತಪ್ಪಾತು, ಬಾ” ಅಂದಿದ್ದರೆ ಆಗುತ್ತಿತ್ತೇನೋ. ಆ ಮಾತು ಬಾಯಿಗೆ ಬರಲಿಲ್ಲ, ಅದಕ್ಕೇ ಗಾಡಿಗೆ ಬಣ್ಣ ಹೊಡೆಯಲು ಹೊರಟ. ಬೀಳಿಸಿದ್ದು ಕರಿ ಗಾಡಿ. ಹಸಿರು ಗಾಡಿ ಕಂಡರೆ ಅವಳಿಗೆ ಹೆದರಿಕೆ ಆಗಲಿಕ್ಕಿಲ್ಲ ಅಂತ ಅವನ ಲೆಕ್ಕ. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ, ಆದರೆ ಆ ಮನುಷ್ಯನನ್ನು ಕಂಡರೆ ಕನಿಕರ.

೪

ಹಿತ್ತಲಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕನ್ನು ಪಾಲಿಶ್ ಕಾಗದದಿಂದ ತಿಕ್ಕಿದ. ಎಂಜಿನ್ನಿಗೆ, ಹೆಡ್‌ಲೈಟಿಗೆ ಹಳೆಯ ಪೇಪರ್ ಸುತ್ತಿ ಟೇಪ್ ಹಚ್ಚಿದ. ಅಡಿಬಣ್ಣವಾಗಿ ಬಿಳಿಚು ಪ್ರೈಮರ್ ಹೊಡೆದು, ಅದು ಒಣಗುವವರೆಗೆ ಒಳಗೆ ಹೋಗಿ ಚಹಾ ಕುಡಿದು ಬಂದ. ಆಮೇಲೆ ಹಸಿರು ಡಬ್ಬಿ ಎತ್ತಿದ.

“ತೆಳ್ಳಗೆ ಹೊಡೆಯಪ್ಪಾ, ಸೋರುತ್ತದೆ,” ಎಂದೆ. (ಕತೆಗಾರನಿಗೆ ಇಷ್ಟಾದರೂ ಹಕ್ಕು ಬೇಡವೇ?)

“ನೀವು ಎಂದರ ಗಾಡಿಗೆ ಬಣ್ಣಾ ಹೊಡದೀರೇನ್ರಿ?”

“ಇಲ್ಲ. ಯೂಟ್ಯೂಬಿನಲ್ಲಿ ನೋಡಿದ್ದೇನೆ.”

“ನಾನೂ ಅದನ್ನ ನೋಡೇನ್ರಿ. ಸುಮ್ನ ಬರಕೋರಿ.”

ಬರೆದುಕೊಂಡೆ. ಎರಡು ಕೋಟ್ ಚೆನ್ನಾಗಿಯೇ ಕೂತವು, ಟ್ಯಾಂಕಿನ ನೆತ್ತಿಯೊಂದನ್ನು ಬಿಟ್ಟು. ಅಲ್ಲಿ ಮೂರು ಗೆರೆ ಒರಟಾಗಿ ಎದ್ದಿದ್ದವು. ಬೆರಳಿನಿಂದ ಮುಟ್ಟಿದರೆ ಬಣ್ಣ ಸುಲಿದು ಬಂತು, ಅಡಿಯಲ್ಲಿ ಬಿಳಿ ಪುಡಿ. ಮೂಗಿಗೆ ಹಿಡಿದು ನೋಡಿದ. ವಿಭೂತಿ!

“ನಿರ್ಮಲಾ! ಟ್ಯಾಂಕಿಗೆ ವಿಭೂತಿ ಹಚ್ಚಿಯೇನ?”

ಅವಳು ಹಿತ್ತಲ ಬಾಗಿಲಿಗೆ ಬಂದಳು. “ಹೂಂನ್ರಿ. ನೀವು ಚಾ ಕುಡ್ಯಾಕ ಕೂತಾಗ.”

“ಪ್ರೈಮರ್ ಮ್ಯಾಲ ಹಚ್ಚತಾರೇನ? ನನಗ ಕಾಣ್ಲೇ ಇಲ್ಲ. ಬಣ್ಣಾ ಹಿಡೀವಲ್ದು ನೋಡಿಲ್ಲೆ.”

“ಪ್ರೈಮರ್ ಗೀಮರ್ ನನಗೇನ್ ಗೊತ್ತು? ದಿನಾ ಹಚ್ಚತೀನಿ, ಇವತ್ತೂ ಹಚ್ಚಿದೆ.”

“ದಿನಾ?”

“ನೀವು ಊರಿಗೆ ಹೊಂಡೂಕಿಂತ ಮದ್ಲ. ನೀವ ದಿನಾ ಧೂಳ ಅಂತ ಒರಸ್ತೀರಿ.”

ಶಶಿಕಾಂತ ಆ ಮೂರು ಗೆರೆಗಳತ್ತ ಬಗ್ಗಿದ. ಒಂದು ವರ್ಷ, ಬೆಳಿಗ್ಗೆ ಎದ್ದು ಬಟ್ಟೆ ಹಿಡಿದು ಒರೆಸಿದ್ದಾನೆ. ಅವಳ ಮುರಿದು ಕೂಡಿದ ಕೈ ಈಗ ಪೂರ್ತಿ ತಿರುಗುವುದಿಲ್ಲ. ಗೆರೆಗಳು ಅದಕ್ಕೇ ಓರೆ. ತಾನು ಹತ್ತದ ಗಾಡಿಗೆ, ಇವನು ಸುರಕ್ಷಿತ ಮನೆಗೆ ಬರಲಿ ಅಂತ, ಅದೇ ಕೈಯಿಂದ ಹಚ್ಚಿದ್ದಾಳೆ.

“ತಪ್ಪಾತು ನಿರ್ಮಲಾ,” ಅಂದ. ಯಾವ ತಪ್ಪು ಎಂದು ಅವಳು ಕೇಳಲಿಲ್ಲ.

“ತಿಕ್ಕಿ ಇನ್ನೊಮ್ಮಿ ಹೊಡೀರಿ. ಹಿಂಗ ಚಂದ ಕಾಣಂಗಿಲ್ಲ.”

“ಇರವಲ್ದ್ಯಾಕ, ಹಿಂಗ ಇರ್ಲಿ,” ಅಂದು ಡಬ್ಬಿಯ ಮುಚ್ಚಳ ಹಾಕಿದ.

೫

(ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅವಳು ಗಾಡಿ ಹತ್ತಿದಳೋ ಇಲ್ಲವೋ ಎಂದು ನೀವು ಕೇಳುತ್ತೀರಿ.)

ಮುಕ್ತಾಯ ಒಂದು: ನಿರ್ಮಲಾ ಸೆರಗು ಸಿಕ್ಕಿಸಿಕೊಂಡು ನಗುತ್ತ ಹತ್ತಿ ಕೂತಳು.

“ಏ ತಮ್ಮಾ,” ಅವಳು ನನ್ನ ಕಡೆ ತಿರುಗಿದಳು, “ಬಿದ್ದಾಕಿ ನಾನು. ಯಾವಾಗ ಹತ್ತಬೇಕು ಅನ್ನೂದು ನೀ ಹೇಳ್ತೀಯೇನ?” ಅಳಿಸಿದೆ.

ಮುಕ್ತಾಯ ಎರಡು: ನಿರ್ಮಲಾ ಮುಂದೆಂದೂ ಆ ಗಾಡಿ ಹತ್ತಲಿಲ್ಲ. ಶಶಿಕಾಂತ ನನ್ನ ಮುಖವನ್ನೇ ನೋಡುತ್ತ ನಿಂತ. ಅದನ್ನೂ ಅಳಿಸಿದೆ.

ಕೊನೆಗೆ ಅವಳೇ ತೀರ್ಮಾನ ಮಾಡಿದಳು. “ನಾ ಬಸ್ಸಿಗೆ ಹೊಕ್ಕೀನಿ, ನೀವು ಹಿಂದ ಮೆಲ್ಲಕ ಬರ್ರಿ. ಹಿಂದಿನ ಸೀಟಿಗೆ ಕುಂತು ನೋಡ್ಕೋತ ಇರ್ತೀನಿ.”

೬

ಕುಬಸದ ದಿನ ಹಾಗೆಯೇ ಹೊರಟರು. ಮುಂದೆ ಬಸ್ಸು, ಅದರಲ್ಲಿ ನಿರ್ಮಲಾ, ಜೊತೆಗೆ ನಾನು; ಹಿಂದೆ ಹಸಿರು ಗಾಡಿ. ಸೂಡಿಗೆ ಇನ್ನೇನು ಸ್ವಲ್ಪ ದೂರವಿರುವಾಗ ರೈತರು ಡಾಂಬರು ರಸ್ತೆಯ ತುಂಬ ಹುರುಳಿ ಬಳ್ಳಿ ಹರಡಿದ್ದರು, ಗಾಡಿಗಳು ಹಾಯ್ದು ಕಾಳು ಉದುರಲಿ ಅಂತ. ಹೋದ ವರ್ಷ ಜಾರಿದ್ದು ಇಂಥದೇ ಬಳ್ಳಿಯ ಮೇಲೆ. ಬಸ್ಸು ತುಳಿದುಕೊಂಡು ಮುಂದೆ ಹೋಯಿತು. ಶಶಿಕಾಂತ ಗಾಡಿ ನಿಲ್ಲಿಸಿ, ಇಳಿದು, ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಬಳ್ಳಿಯನ್ನು ಕಾಲಿನಿಂದ ಒತ್ತಿ ನೋಡಿಯೇ ಒಂದೊಂದು ಹೆಜ್ಜೆ ಇಡುತ್ತಿದ್ದ. ಅವನೂ ಹೆದರಿದ್ದಾನೆ ಎಂಬುದು ನನಗೇ ಗೊತ್ತಿರಲಿಲ್ಲ.

ನಿರ್ಮಲಾ ಹಿಂದಿನ ಸೀಟಿನಿಂದ ಎದ್ದಳು. “ಕಂಡಕ್ಟರ್, ಒಂದೀಟು ನಿಂದರಸ್ರಿ.”

“ಇಲ್ಲಿ ಸ್ಟಾಪ್ ಇಲ್ಲಬೇ ಯವ್ವಾ.”

“ನಮ್ಮ ಮನಿಯವ್ರು ಅಲ್ಲೆ ಅದಾರ.”

ಬಸ್ಸು ನಿಂತಿತು. ನಾನು ಪೆನ್ನು ಹಿಡಿದು ಬಾಗಿಲಿಗೆ ಓಡಿದೆ. “ಅಕ್ಕಾ, ಗಾಡಿ ಹತ್ತುವುದಕ್ಕೋ, ಅವನ ಜೊತೆ ನಡೆಯುವುದಕ್ಕೋ? ಒಂದು ಮಾತು ಹೇಳಿ, ಕತೆ ಮುಗಿಸಿಬಿಡುತ್ತೇನೆ.”

“ಮುಗಸೂ ಗಡಿಬಿಡಿ ನಿನಗ,” ಅಂದಳು. “ಮದ್ಲ ನನಗ ಇಳ್ಯಾಕ ದಾರಿ ಬಿಡು.”

ಬಿಟ್ಟೆ.